ಬಿಡಾರಕ್ಕೆ ಒಯ್ಯುವ ಒಲೆ ಯಾವುದಿರಬೇಕು?

ಅಡಿಕೆ ಸುಲಿತ ಮುಗಿದು, ಕೈಗೆ ನಾಲ್ಕು ಕಾಸು ಬಂದು, ಶಿವರಾತ್ರಿ ಹತ್ತಿರವಾಯಿತೆಂದರೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬೆಳೆಗಾರ ಮನೆಯಲ್ಲಿ ಕೂರುವುದಿಲ್ಲ. ರಾಸುಗಳನ್ನು ಹೊಡೆದುಕೊಂಡು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗುವವರುಂಟು, ಗುಬ್ಬಿಯ ಚನ್ನಬಸವೇಶ್ವರಸ್ವಾಮಿ ತೇರಿಗೆ, ಯಡಿಯೂರಿಗೆ, ದೇವರಾಯನದುರ್ಗಕ್ಕೆ ಹೊರಡುವವರುಂಟು. ಅದೇ ದಿನಗಳಲ್ಲಿ ಕುಣಿಗಲ್ ಹೆದ್ದಾರಿಯ ಅಂಚಿನಲ್ಲಿ ಧರ್ಮಸ್ಥಳದ ಪಾದಯಾತ್ರಿಗಳು ಸಾಲುಗಟ್ಟಿ ನಡೆಯುತ್ತಾರೆ. ಅವರ ಹಿಂದೆ ಅಕ್ಕಿ, ರಾಗಿಹಿಟ್ಟು, ಪಾತ್ರೆ, ಜಮಖಾನ ತುಂಬಿದ ಒಂದು ಟೆಂಪೋ ಬರುತ್ತಿರುತ್ತದೆ. ಪೇಟೆಯ ಹುಡುಗರು ಹುತ್ರಿದುರ್ಗದ ಬುಡದಲ್ಲಿ ಡೇರೆ ಹೊಡೆದರೆ ಅದಕ್ಕೆ ಕ್ಯಾಂಪಿಂಗ್ ಎಂದು ಹೆಸರು. ನಮ್ಮ ಹಿರಿಯರು ಬಿಡಾರ ಹೂಡುವುದು ಎನ್ನುತ್ತಿದ್ದರು. ಹೆಸರು ಯಾವುದಾದರೂ ಇರಲಿ, ಹೊಟ್ಟೆಗೆ ಬೇಯಿಸುವ ಪ್ರಶ್ನೆ ಒಂದೇ.

ಹಿಂದೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಮೂರು ಕಲ್ಲು, ಗಾಡಿಯ ಕೆಳಗೆ ಕಟ್ಟಿದ ತೆಂಗಿನ ಮಟ್ಟೆ, ಒಂದಿಷ್ಟು ಚಿಪ್ಪು, ಇಷ್ಟರಲ್ಲಿ ಅಡುಗೆ ಆಗುತ್ತಿತ್ತು. ತೋಟವಿರುವವನಿಗೆ ಸೌದೆಗೇನು ಬರ ಎಂದು ಈಗಲೂ ಕೇಳುವವರಿದ್ದಾರೆ, ಅವರ ಮಾತು ಪೂರ್ತಿ ಸುಳ್ಳಲ್ಲ. ಜಾತ್ರೆಯ ಬಯಲಿನಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ ಸೌದೆ ಒಲೆಯೇ ಸಾಕು. ಆದರೆ ಅಡಿಕೆ ಒಣಗಿಸಿದ ಕಣದ ಮಗ್ಗುಲಲ್ಲಿ, ಸಿಪ್ಪೆಯ ರಾಶಿಯ ಪಕ್ಕದಲ್ಲಿ, ಸೋಗೆ ಹೊದಿಸಿದ ಚಪ್ಪರದಡಿಯಲ್ಲಿ ಕಿಡಿ ಹಾರುವ ಒಲೆ ಹೂಡಲು ಯಾರಿಗೂ ಮನಸ್ಸು ಬರಲಾರದು. ಬೇಸಿಗೆಯಲ್ಲಿ ಕಾಡಂಚಿನಲ್ಲಿ ಬೆಂಕಿ ಹಚ್ಚುವುದಂತೂ ಅರಣ್ಯ ಕಾನೂನಿನ ಪ್ರಕಾರ ಅಪರಾಧ. ಮೇಲಾಗಿ 2019-20ರಲ್ಲಿ ಹೆಬ್ಬೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಚಿರತೆಗೆ ಜನ ಬಲಿಯಾದ ಮೇಲೆ, ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗಾಗಿ ಪಂಪ್‌ಹೌಸಿನಲ್ಲಿ ಕಾಯುವವನು ಟೀ ಕಾಸುವುದಕ್ಕೆಂದು ಕತ್ತಲಲ್ಲಿ ಪುಳ್ಳೆ ಆರಿಸಲು ಹೋಗುವುದೂ ಬುದ್ಧಿವಂತಿಕೆಯಲ್ಲ.

ಸೌದೆಯ ನಂತರ ಬಂದದ್ದು ಸೀಮೆಎಣ್ಣೆ. ಗಾಳಿ ಹೊಡೆದು ಉರಿಸುವ ಪಂಪ್ ಸ್ಟೌವಿನ ಮೂಲಪುರುಷ ಸ್ವೀಡನ್ನಿನ ಪ್ರೈಮಸ್. ಅದು 1892ರ ಸುಮಾರಿಗೆ ಹುಟ್ಟಿತು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದಾಗ ಹಿಮ ಕರಗಿಸಿ ಕುಡಿಯಲು ಕೊಟ್ಟದ್ದು ಅದೇ ಜಾತಿಯ ಒಲೆ. ಬತ್ತಿಯ ಸ್ಟೌಗಳ ಪೈಕಿ ಇಂಡಿಯನ್ ಆಯಿಲ್ ಸಂಶೋಧನಾ ಕೇಂದ್ರ 1977ರಲ್ಲಿ ರೂಪಿಸಿದ ‘ನೂತನ್’ ನಮ್ಮ ಎಷ್ಟೋ ಮನೆಗಳಲ್ಲಿ ಹೊಗೆ ಕಡಿಮೆ ಮಾಡಿತು. ಇಂದಿಗೂ ಅಟ್ಟದ ಮೇಲೆ ಒಂದು ಪಂಪ್ ಸ್ಟೌ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಆದರೆ ಪಡಿತರದ ಸೀಮೆಎಣ್ಣೆಗಿದ್ದ ಕೇಂದ್ರದ ಸಬ್ಸಿಡಿ 2020ರ ಹೊತ್ತಿಗೆ ನಿಂತುಹೋಯಿತು. ಎಣ್ಣೆಯೇ ಸಿಗದ ಮೇಲೆ ಒಲೆಯನ್ನು ಹೊಗಳಿ ಪ್ರಯೋಜನವೇನು? ಸೀಮೆಎಣ್ಣೆ ಸಿಗಲಿಲ್ಲವೆಂದು ಅದಕ್ಕೆ ಪೆಟ್ರೋಲ್ ಬೆರೆಸಿ ಹಚ್ಚುವ ಹುಚ್ಚು ಧೈರ್ಯವನ್ನು ದಯವಿಟ್ಟು ಯಾರೂ ಮಾಡಬಾರದು.

ಹೀಗಾಗಿ ಉಳಿದದ್ದು ಗ್ಯಾಸು. ಗ್ಯಾಸಿನಲ್ಲಿ ಈಗ ನಮ್ಮ ಕಡೆ ನಾಲ್ಕು ಬಗೆ ಓಡಾಡುತ್ತಿವೆ. ಮನೆಯ 14.2 ಕೆಜಿ ಸಿಲಿಂಡರನ್ನೇ ಬಿಚ್ಚಿಕೊಂಡು ಹೋಗುವುದು ಒಂದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತುಂಬಿದಾಗ ಹೆಚ್ಚುಕಡಿಮೆ 30 ಕೆಜಿ ತೂಗುವ ಅದನ್ನು ಹೊತ್ತು ತಿರುಗುವುದೇ ಒಂದು ಶಿಕ್ಷೆ. ಅದು ಮನೆಯ ಅಡುಗೆಗೆಂದು ಮನೆಯ ವಿಳಾಸಕ್ಕೆ ಕೊಟ್ಟದ್ದು ಕೂಡ. ಮನೆಯಲ್ಲಿ ಉಳಿದ ಹೆಂಗಸರು ಅಷ್ಟು ದಿನ ಏನು ಹಚ್ಚಬೇಕು ಎಂಬುದನ್ನು ಯಜಮಾನರು ಯೋಚಿಸಿದಂತೆ ಕಾಣುವುದಿಲ್ಲ.

ಎರಡನೆಯದು ಚಿಕ್ಕ ಡಬ್ಬಿಯ ಸ್ಟೌ. ಪೆಟ್ಟಿಗೆಯಂತಿರುವ ಒಲೆಯ ಮಗ್ಗುಲಲ್ಲಿ 220 ಗ್ರಾಂ ಆಸುಪಾಸಿನ ಬ್ಯೂಟೇನ್ ಡಬ್ಬಿಯನ್ನು ಅಡ್ಡಲಾಗಿ ಕೂರಿಸುತ್ತಾರೆ. ಇನ್ನೊಂದು ರೀತಿಯದರಲ್ಲಿ ಡಬ್ಬಿಯ ತಲೆಯ ಮೇಲೇ ಬರ್ನರ್ ತಿರುಗಿಸಿ ಕೂರಿಸುತ್ತಾರೆ. ಬೆಂಗಳೂರಿನಿಂದ ಬರುವ ಮಕ್ಕಳು ಮೊಮ್ಮಕ್ಕಳು ಇದನ್ನು ತರುತ್ತಾರೆ. ನೋಡಲು ಚೆಂದ, ಹಗುರ. ಇದರ ಲೆಕ್ಕ ಮಾತ್ರ ಸ್ವಲ್ಪ ನೋಡೋಣ. ಒಂದು ಕೆಜಿ ಗ್ಯಾಸಿನಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಶಾಖವಿದೆ. ಬಯಲಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಾತ್ರೆಗೆ ಸೇರಿದರೆ ಪುಣ್ಯ. ಆ ಪ್ರಕಾರ ಹತ್ತು ಲೀಟರ್ ನೀರು ಕುದಿಯಲು ಸುಮಾರು 130 ಗ್ರಾಂ ಬೇಕು. ಅಂದರೆ ಒಂದು ಡಬ್ಬಿಗೆ 16 ಲೀಟರ್. ಕಣದ ಕಾವಲಿನವನಿಗೆ ಟೀ ಕಾಸಲು ಇದು ಧಾರಾಳವಾಯಿತು, ವಾರಗಟ್ಟಲೆ ಬರುತ್ತದೆ. ಆದರೆ ಹತ್ತು ಮಂದಿಗೆ ಎರಡು ಹೊತ್ತು ಅನ್ನ, ಮುದ್ದೆ, ಸಾರು ಎಂದರೆ ದಿನಕ್ಕೆ 700-800 ಗ್ರಾಂ ಗ್ಯಾಸು ಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಡಬ್ಬಿ. ಅಷ್ಟು ದುಡ್ಡು ಸುಡುವುದಾದರೆ ಹೋಟೆಲಿನಲ್ಲೇ ಊಟ ಮಾಡಬಹುದು.

ಮುದ್ದೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಒಲೆಗಳನ್ನು ಮಾಡಿದವರು ಮುದ್ದೆ ತೊಳಸುವವರನ್ನು ಕಂಡವರಲ್ಲ. ಕವೆಗೋಲು ಕೊಟ್ಟು ಪಾತ್ರೆಯನ್ನು ಒತ್ತಿಹಿಡಿದು, ಮುದ್ದೆ ಕೋಲಿನಿಂದ ಮೈಬಲವನ್ನೆಲ್ಲ ಬಿಟ್ಟು ತಿರುವುವಾಗ, ಡಬ್ಬಿಯ ತಲೆಯ ಮೇಲೆ ನಿಂತ ಒಲೆ ಮಗುಚಿ ಬೀಳದೆ ಇರುವುದಿಲ್ಲ. ಪೆಟ್ಟಿಗೆ ಒಲೆ ಅಷ್ಟು ಸುಲಭಕ್ಕೆ ಬೀಳದಿದ್ದರೂ ಅದರಲ್ಲಿ ಬೇರೆ ಕಂಟಕವಿದೆ. ಅಗಲವಾದ ಪಾತ್ರೆಯೋ ಬಾಣಲೆಯೋ ಇಟ್ಟರೆ ಅದರ ಅಂಚು ಡಬ್ಬಿಯ ಮೇಲೂ ಚಾಚಿಕೊಂಡು, ಕೆಳಕ್ಕೆ ಹೊಡೆದ ಝಳ ಡಬ್ಬಿಯನ್ನು ಕಾಯಿಸುತ್ತದೆ. ಕಾದ ಡಬ್ಬಿಯೊಳಗೆ ಒತ್ತಡ ಏರಿ ಸಿಡಿಯುತ್ತದೆ. ಒತ್ತಡ ಹೆಚ್ಚಾದರೆ ಡಬ್ಬಿ ತಾನೇ ಕಳಚಿಕೊಳ್ಳುವ ಏರ್ಪಾಡು ಒಳ್ಳೆಯ ಒಲೆಗಳಲ್ಲಿ ಇರುತ್ತದೆ. ಅದಿಲ್ಲದ್ದನ್ನು ಕೊಳ್ಳಬಾರದು. ದೊಡ್ಡ ಪಾತ್ರೆಗೆಂದು ಇಂಥ ಎರಡು ಒಲೆಗಳನ್ನು ಜೋಡಿಸಿ ಇಡುವುದಂತೂ ಕೂಡದೇ ಕೂಡದು. ಡಬ್ಬಿಯ ಕತ್ತಿನಲ್ಲಿರುವ ಕಚ್ಚು ಮೇಲ್ಮುಖವಾಗಿಯೇ ಕೂರಬೇಕು. ತಿರುಗಿ ಕೂತರೆ ಗ್ಯಾಸಿನ ಬದಲು ದ್ರವವೇ ಬಂದು ಉರಿ ಭುಗ್ಗೆನ್ನುತ್ತದೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ಕಣದ ಸದಸ್ಯರಿಗೆ ಇನ್ನೊಂದು ಮಾತು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರದಲ್ಲೇ ಆವಿಯಾಗುವುದನ್ನು ನಿಲ್ಲಿಸುವ ವಸ್ತು. ನಮ್ಮಲ್ಲಿ ಅಷ್ಟು ಚಳಿ ಇಲ್ಲದಿದ್ದರೂ ಉರಿಯುತ್ತ ಉರಿಯುತ್ತ ಡಬ್ಬಿ ತನಗೆ ತಾನೇ ತಣ್ಣಗಾಗುವುದರಿಂದ ಪುಷ್ಯದ ಬೆಳಗಿನಲ್ಲಿ ಉರಿ ಸಣ್ಣಗಾಗುತ್ತದೆ. ಅದು ಒಲೆಯ ದೋಷವಲ್ಲ. ಡಬ್ಬಿಯನ್ನು ಬೆಚ್ಚಗೆ ಮಾಡಲೆಂದು ಬೆಂಕಿಗೆ ಹಿಡಿದವರ ಕಥೆಗಳನ್ನು ಕೇಳಿದ್ದೇನೆ. ಆ ಕಥೆಗಳು ಒಳ್ಳೆಯ ರೀತಿಯಲ್ಲಿ ಮುಗಿಯಲಿಲ್ಲ.

ಮೂರನೆಯದೇ ಈ ಲೇಖನ ಬರೆಯಲು ಕಾರಣ. ನಮ್ಮ ಪೇಟೆಗಳ ಅಂಗಡಿಗಳಲ್ಲಿ ಎರಡು, ಮೂರು ಕೆಜಿಯ ‘ಮಿನಿ ಸಿಲಿಂಡರ್’ ಎಂದು ಬಣ್ಣ ಬಳಿದ ಕಬ್ಬಿಣದ ಬುರುಡೆಗಳು ತೂಗಾಡುತ್ತಿರುತ್ತವೆ. ತಲೆಯ ಮೇಲೆ ಬರ್ನರ್, ಕೆಳಗೆ ಬುರುಡೆ, ನಡುವೆ ಒಂದು ತಿರುಪು. ರೆಗ್ಯುಲೇಟರ್ ಇಲ್ಲ, ತಯಾರಕರ ಹೆಸರಿಲ್ಲ, ಐಎಸ್‌ಐ ಗುರುತಿಲ್ಲ. ಅಗ್ಗವೆಂದು, ಚಿಕ್ಕದೆಂದು, ಟ್ರಾಕ್ಟರಿನ ಮೂಲೆಯಲ್ಲಿ ಹಿಡಿಸುತ್ತದೆಂದು ನಮ್ಮವರು ಕೊಳ್ಳುತ್ತಾರೆ. ನಾನು ಹೋದ ಒಂದು ಅಂಗಡಿಯಲ್ಲಿ ಇದರ ಪರೀಕ್ಷೆಯ ದಿನಾಂಕ ಎಲ್ಲಿದೆ ಎಂದು ಕೇಳಿದರೆ, “ಯಜಮಾನರೇ, ಪರೀಕ್ಷೆ ಮಕ್ಕಳಿಗೆ, ಸಿಲಿಂಡರಿಗಲ್ಲ” ಎಂದು ನಕ್ಕರು. ಖಾಲಿಯಾದರೆ ತನ್ನಿ, ಹಿಂದುಗಡೆ ತುಂಬಿಕೊಡುತ್ತೇವೆ ಎಂದೂ ಹೇಳಿದರು.

ಆ ‘ಹಿಂದುಗಡೆ’ ಎಂಬುದರಲ್ಲೇ ಅಪಾಯವಿದೆ. ಮನೆಯ ಸಿಲಿಂಡರನ್ನು ತಲೆಕೆಳಗೆ ಮಾಡಿ ಟ್ಯೂಬಿನಿಂದ ಈ ಬುರುಡೆಗೆ ಇಳಿಸುತ್ತಾರೆ. ಹೀಗೆ ಒಂದರಿಂದ ಇನ್ನೊಂದಕ್ಕೆ ಗ್ಯಾಸು ವರ್ಗಾಯಿಸುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಕಡೆ ಇರಲಿ. ಸರಿಯಾದ ಕಾರ್ಖಾನೆಯಲ್ಲಿ ಸಿಲಿಂಡರನ್ನು ಎಂದಿಗೂ ಪೂರ್ತಿ ತುಂಬುವುದಿಲ್ಲ. ಸುಮಾರು ಐದರಲ್ಲಿ ನಾಲ್ಕು ಪಾಲು ದ್ರವ, ಉಳಿದ ಜಾಗ ಖಾಲಿ. ದ್ರವ ಬಿಸಿಲಿಗೆ ಹಿಗ್ಗಿದಾಗ ಅದಕ್ಕೆ ಎಡೆ ಬೇಕು. ಹಿಂದುಗಡೆ ತುಂಬುವವನ ಬಳಿ ತಕ್ಕಡಿಯೂ ಇಲ್ಲ, ಅಳತೆಯೂ ಇಲ್ಲ. ಕಂಠಮಟ್ಟ ತುಂಬಿದ ಬುರುಡೆಯನ್ನು ಶಿವರಾತ್ರಿಯ ನಡುಮಧ್ಯಾಹ್ನ ತಗಡಿನ ಮೇಲ್ಛಾವಣಿಯ ಟೆಂಪೋದಲ್ಲಿ ಇಟ್ಟರೆ ಹಿಗ್ಗಿದ ದ್ರವಕ್ಕೆ ಕಬ್ಬಿಣವನ್ನು ಸೀಳುವುದೊಂದೇ ದಾರಿ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸಾಗಿ ಹರಡುತ್ತದೆ. ಅದು ಗಾಳಿಗಿಂತ ಭಾರ, ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿದು, ಪಕ್ಕದ ಬಿಡಾರದ ಒಲೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಜಾತ್ರೆಯಲ್ಲಿ ಪಕ್ಕದ ಬಿಡಾರ ಎಷ್ಟು ದೂರ ಇರುತ್ತದೆ ಎಂಬುದು ತಮಗೇ ಗೊತ್ತು.

ಬ್ಯೂಟೇನ್ ಡಬ್ಬಿಗೆ ಮನೆಯ ಗ್ಯಾಸು ತುಂಬುವ ತಿರುಪುಗಳೂ ಈಗ ಬಂದಿವೆ. ಮನೆಯ ಗ್ಯಾಸಿನಲ್ಲಿ ಪ್ರೊಪೇನ್ ಸೇರಿರುತ್ತದೆ, ನಮ್ಮ ಬೇಸಿಗೆಯಲ್ಲಿ ಬರಿಯ ಪ್ರೊಪೇನಿನ ಒತ್ತಡ ಬ್ಯೂಟೇನಿನ ಮೂರು ನಾಲ್ಕು ಪಟ್ಟು. ತೆಳು ತಗಡಿನ ಡಬ್ಬಿ ಅದಕ್ಕಾಗಿ ಮಾಡಿದ್ದಲ್ಲ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯದಲ್ಲಿ ಸಣ್ಣ ಬೆಳೆಗಾರನ ಕುಟುಂಬಕ್ಕೆ ತೈಲ ಕಂಪೆನಿಗಳ 5 ಕೆಜಿ ಸಿಲಿಂಡರು, ಅದಕ್ಕೆ ಕಂಪೆನಿಯ ರೆಗ್ಯುಲೇಟರ್, ಐಎಸ್‌ಐ ಗುರುತಿನ ಟ್ಯೂಬು ಮತ್ತು ಗಿಡ್ಡ ಕಾಲಿನ ಒಂದು ಬರ್ನರಿನ ಕಬ್ಬಿಣದ ಒಲೆ. ವಿಳಾಸದ ಪುರಾವೆ ಇಲ್ಲದೆ ಗುರುತಿನ ಚೀಟಿಯೊಂದನ್ನೇ ತೋರಿಸಿ ಕೊಳ್ಳಬಹುದಾದ ಈ ಸಿಲಿಂಡರನ್ನು 2013ರ ಅಕ್ಟೋಬರಿನಲ್ಲಿ ಬೆಂಗಳೂರೂ ಸೇರಿ ಕೆಲವು ನಗರಗಳ ಪೆಟ್ರೋಲ್ ಬಂಕುಗಳಲ್ಲಿ ಮೊದಲು ಮಾರಿದರು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಅದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು. ಗ್ಯಾಸಿನ ದರ ಮನೆಯ ಸಿಲಿಂಡರಿಗಿಂತ ಹೆಚ್ಚು, ನಿಜ. ಆದರೆ ಮೇಲಿನ ಲೆಕ್ಕದ ಪ್ರಕಾರ ಹತ್ತು ಜನರ ತಂಡಕ್ಕೆ ಒಂದು ಸಿಲಿಂಡರು ಆರು ದಿನ ಬರುತ್ತದೆ. ಕುಣಿಗಲ್ಲಿನಿಂದ ಧರ್ಮಸ್ಥಳದ ನಡಿಗೆಗೆ ಹೆಚ್ಚುಕಡಿಮೆ ಅಷ್ಟೇ ಬೇಕು. ಒಲೆ ನೆಲಕ್ಕೆ ಅಂಟಿದಂತೆ ಕೂರುತ್ತದೆ, ಸಿಲಿಂಡರು ಟ್ಯೂಬಿನುದ್ದ ದೂರ ನಿಲ್ಲುತ್ತದೆ, ಮುದ್ದೆಯನ್ನು ಎಷ್ಟು ಜೋರಾಗಿ ತಿರುವಿದರೂ ಚಿಂತೆಯಿಲ್ಲ.

ಕೊಳ್ಳುವಾಗ ಸಿಲಿಂಡರಿನ ಹಿಡಿಯ ಒಳಭಾಗದ ಪಟ್ಟಿಯಲ್ಲಿ ಬರೆದ ಅಕ್ಷರ ನೋಡಿ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಪಕ್ಕದ ಅಂಕಿ ವರ್ಷ. ಆ ಅವಧಿ ಮುಗಿದಿದ್ದರೆ ಬೇರೆಯದನ್ನು ಕೇಳಿ, ಸಂಕೋಚ ಬೇಡ. ಮನೆಯ ರೆಗ್ಯುಲೇಟರ್ ಇದಕ್ಕೆ ಕೂರುತ್ತದೆಂದು ನಂಬದೆ ಅಂಗಡಿಯಲ್ಲೇ ಹಾಕಿ ತೋರಿಸಲು ಹೇಳಿ. ಸೋರಿಕೆ ನೋಡಲು ಸಾಬೂನಿನ ನೊರೆ ಸಾಕು. ಬೆಂಕಿಕಡ್ಡಿ ಗೀರಿ ನೋಡುವ ಜಾಣರಿಗೆ ಹೇಳಲು ನನ್ನ ಬಳಿ ಮಾತಿಲ್ಲ. ಗಾಡಿಯಲ್ಲಿ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿಯಿರಿ, ಮಲಗಿಸಬೇಡಿ. ಮುಚ್ಚಿದ ಪಂಪ್‌ಹೌಸಿನಲ್ಲಿ, ಡೇರೆಯಲ್ಲಿ, ಟೆಂಪೋದೊಳಗೆ ಉರಿಸಿಕೊಂಡು ಮಲಗಿದರೆ ಕಣ್ಣಿಗೂ ಮೂಗಿಗೂ ತಿಳಿಯದ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ.

ಗುಬ್ಬಿಯಲ್ಲೋ ತುಮಕೂರಿನಲ್ಲೋ ರೈಲು ಹತ್ತಿ ದೂರದ ಯಾತ್ರೆಗೆ ಹೋಗುವವರು ಮಾತ್ರ ಯಾವ ಒಲೆಯನ್ನೂ ಒಯ್ಯುವಂತಿಲ್ಲ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಉತ್ತರ ಪ್ರದೇಶದ ಲಖನೌ ಕಡೆಯಿಂದ ಹೊರಟ ಆ ತಂಡದವರು ಕಳ್ಳತನದಿಂದ ಸಿಲಿಂಡರು ಹತ್ತಿಸಿಕೊಂಡಿದ್ದರು. ಅವರೂ ನಮ್ಮಂತೆಯೇ ಮನೆಯ ಅಡುಗೆ ಬಯಸಿದ ಜನ.

ಈಗ ಸಂಘಕ್ಕೆ ಒಂದು ಮಾತು. ಸದಸ್ಯರು ಆ ಗುರುತಿಲ್ಲದ ಬುರುಡೆಗಳನ್ನು ಕೊಳ್ಳುವುದು ತಿಳಿವಳಿಕೆ ಇಲ್ಲದೆ ಮಾತ್ರವಲ್ಲ, ಸರಿಯಾದದ್ದು ಹತ್ತಿರದಲ್ಲಿ ಸಿಗದೆಯೂ ಹೌದು. ಚೇಳೂರು, ನಿಟ್ಟೂರು, ಹುಲಿಯೂರುದುರ್ಗದ ಕಡೆಯವನು ಒಂದು ಸಣ್ಣ ಸಿಲಿಂಡರಿಗಾಗಿ ಅರ್ಧ ದಿನದ ಕೆಲಸ ಕೆಡಿಸಿಕೊಂಡು ಪೇಟೆಗೆ ಬರಬೇಕೆಂದರೆ ಅವನು ಬರುವುದಿಲ್ಲ, ಪಕ್ಕದಂಗಡಿಯ ಬುರುಡೆಯನ್ನೇ ಒಯ್ಯುತ್ತಾನೆ. 5 ಕೆಜಿ ಸಿಲಿಂಡರುಗಳನ್ನು ವಿತರಕರ ಒಪ್ಪಿಗೆಯಿಂದ ದಿನಸಿ ಅಂಗಡಿಗಳೂ ಮಾರುತ್ತಿವೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಸಹಕಾರ ಸಂಘಗಳಿಗೆ ಎಲ್‌ಪಿಜಿ ವಿತರಕರಾಗಲು ಅವಕಾಶ ಕೊಟ್ಟಿದೆ. ಮೈಲುತುತ್ತ, ಸುಣ್ಣ, ದೋಟಿ ಮಾರುವ ನಮ್ಮ ಮಳಿಗೆಯಲ್ಲಿ ಹತ್ತು ಸಿಲಿಂಡರಿಗೆ ಗಾಳಿಯಾಡುವ ಒಂದು ಮೂಲೆ ಸಿಗದೆ ಹೋಗಲಾರದು. ಒಲೆ ಮತ್ತು ರೆಗ್ಯುಲೇಟರುಗಳ ನಾಲ್ಕು ಜೊತೆಯನ್ನು ಸಂಘವೇ ಕೊಂಡಿಟ್ಟು, ಔಷಧಿ ಹೊಡೆಯುವ ಪಂಪು ಕೊಡುವಂತೆ ದಿನದ ಬಾಡಿಗೆಗೆ ಕೊಟ್ಟರೆ ವರ್ಷಕ್ಕೊಮ್ಮೆ ಪಾದಯಾತ್ರೆ ಹೋಗುವವನು ಹೊಸದು ಕೊಳ್ಳಬೇಕಾಗಿಯೂ ಇಲ್ಲ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯ ಇಡಬೇಕೆಂದು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಒಪ್ಪುವ ಸದಸ್ಯರು ತಮ್ಮ ಊರಿನಿಂದ ಎಷ್ಟು ಜೊತೆ ಬೇಕಾಗಬಹುದು ಎಂಬುದನ್ನು ಶಿವರಾತ್ರಿಗೆ ಎರಡು ತಿಂಗಳು ಮೊದಲೇ ಕಚೇರಿಗೆ ಬರೆದು ತಿಳಿಸಬೇಕು.