ಹಗುರ ಸರಪಳಿ ಬರಿಯ ಬಾಲಂಗೋಚಿಯಲ್ಲ

ಪ್ರತಿಕಾಯಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ, ಪ್ರತಿಕಾಯದಲ್ಲಿರುವ ಎರಡು ಬಗೆಯ ಪ್ರೋಟೀನ್ ಸರಪಳಿಗಳ ಪೈಕಿ ಭಾರ ಸರಪಳಿಯನ್ನು ನಾಯಕನಾಗಿಸಿ, ಹಗುರ ಸರಪಳಿಯನ್ನು ಒಂದೇ ಸಾಲಿನಲ್ಲಿ ಬದಿಗೆ ಸರಿಸಿತು. ಇದನ್ನು ಒಪ್ಪಲಾಗದು.

ವಿ ಮತ್ತು ಜೆ ಎಂಬ ಜೀನ್ ತುಣುಕುಗಳ ಜೊತೆಗೆ ಡಿ ತುಣುಕುಗಳೂ ಇರುವುದರಿಂದ ಭಾರ ಸರಪಳಿಯಲ್ಲಿ ವೈವಿಧ್ಯ ಹೆಚ್ಚು ಎಂಬ ವಾದವೇನೋ ಸರಿ. ಆದರೆ ಅಲ್ಲಿ ಒಮ್ಮೆ ಜೋಡಣೆ ಮುಗಿದರೆ ಉಳಿದ ಡಿ ತುಣುಕುಗಳು ಕತ್ತರಿಸಿ ಹೋಗುತ್ತವೆ, ಮರುಪ್ರಯತ್ನಕ್ಕೆ ದಾರಿ ಬಹುತೇಕ ಮುಚ್ಚುತ್ತದೆ. ಹಗುರ ಸರಪಳಿಯಲ್ಲಿ ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಬಗೆ; ಕಪ್ಪಾದಲ್ಲಿ ಇರುವುದು ವಿ ಮತ್ತು ಜೆ ಮಾತ್ರ. ತನ್ನ ದೇಹಕ್ಕೇ ಅಂಟುವ ಗ್ರಾಹಕ (ಕೋಶದ ಮೇಲ್ಮೈಯ ಪ್ರತಿಕಾಯ) ಮೂಡಿದರೆ, ಪ್ರತಿಕಾಯ ತಯಾರಿಸುವ ಬಿ ಕೋಶ ಇನ್ನೂ ಎಳೆಯದಿರುವಾಗ ಜೀನ್ ತುಣುಕುಗಳನ್ನು ಕತ್ತರಿಸುವ ರ‍್ಯಾಗ್ ಕಿಣ್ವಗಳನ್ನು ಚಾಲನೆಯಲ್ಲಿಟ್ಟು, ಹಿಂದಿನ ವಿ ಮತ್ತು ಮುಂದಿನ ಜೆ ತುಣುಕುಗಳನ್ನು ಮತ್ತೆ ಬೆಸೆಯುತ್ತದೆ. ಅದೂ ಸೋತರೆ ಕಪ್ಪಾ ಜೀನನ್ನು ನಿಷ್ಕ್ರಿಯಗೊಳಿಸಿ ಲ್ಯಾಂಬ್ಡಾಕ್ಕೆ ತಿರುಗಬಹುದು. ಈ ಗ್ರಾಹಕ ತಿದ್ದುಪಡಿಯನ್ನು 1993ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಸ್ವಂತ ದೇಹದ ಮೇಲಿನ ದಾಳಿಯನ್ನು ತಡೆಯುವ ಈ ಕೆಲಸ ಮುಖ್ಯವಾಗಿ ಹಗುರ ಸರಪಳಿಯದೇ. ಅದನ್ನು ಬಾಲಂಗೋಚಿ ಎನ್ನುವುದು ಹೇಗೆ?

ಇತಿಹಾಸವೂ ಲೇಖಕರ ಪರವಾಗಿಲ್ಲ. ಪ್ರತಿಕಾಯ ಜೀನುಗಳು ಮರುಜೋಡಣೆಯಾಗುತ್ತವೆ ಎಂದು 1976ರಲ್ಲಿ ಹೊಜುಮಿ ಮತ್ತು ಟೊನೆಗಾವಾ ತೋರಿಸಿದ್ದು ಕಪ್ಪಾ ಜೀನಿನಲ್ಲೇ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಎನ್‌ಎಫ್-ಕಪ್ಪಾ-ಬಿ ಪ್ರೋಟೀನನ್ನು ಗುರುತಿಸಿದ್ದೂ ಆ ಜೀನಿನ ಚಟುವಟಿಕೆ ಹೆಚ್ಚಿಸುವ ವರ್ಧಕ ಭಾಗಕ್ಕೆ ಅಂಟುವ ಪ್ರೋಟೀನುಗಳನ್ನು ಹುಡುಕುತ್ತಲೇ. ಉರಿಯೂತದಿಂದ ಕ್ಯಾನ್ಸರ್‌ವರೆಗಿನ ಸಂಶೋಧನೆ ಇಂದು ಆ ಪ್ರೋಟೀನಿನ ಸುತ್ತ ಬೆಳೆದಿದೆ.

ಇನ್ನು ಆಸ್ಪತ್ರೆಯ ಮಾತು. ಪ್ರತಿಕಾಯ ತಯಾರಿಸುವ ಕೋಶಗಳ ಕ್ಯಾನ್ಸರ್ ಆದ ಮೈಲೋಮಾದ ರೋಗಿಯ ರಕ್ತದಲ್ಲಿ ವೈದ್ಯರು ಮುಕ್ತ (ಭಾರ ಸರಪಳಿಗೆ ಜೋಡಣೆಯಾಗದ) ಕಪ್ಪಾ ಮತ್ತು ಲ್ಯಾಂಬ್ಡಾ ಸರಪಳಿಗಳ ಅನುಪಾತ ನೋಡುತ್ತಾರೆ. ಒಂದೇ ಕೋಶದ ಸಂತತಿ ಮಿತಿಮೀರಿದರೆ ಅದು ಉತ್ಪಾದಿಸುವ ಬಗೆ ಮಾತ್ರ ಉಬ್ಬುತ್ತದೆ, ಅನುಪಾತ ಓರೆಯಾಗುತ್ತದೆ. ಲೇಖಕರು ಬದಿಗೆ ಸರಿಸಿದ ಅದೇ ಸರಪಳಿ ಇಲ್ಲಿ ರೋಗದ ಸುಳಿವು ಕೊಡುತ್ತದೆ.