ಆ ಎಪ್ಪತ್ತು ರೂಪಾಯಿ ಯಾರಿಗೆ ಹೋಯ್ತು?

‘ಕಾಂತಾರ: ಚಾಪ್ಟರ್ 1’ ತೆರೆಕಂಡಿದ್ದು 2025ರ ಅಕ್ಟೋಬರ್ 2ರಂದು, ವಿಜಯದಶಮಿಯ ದಿನ. ಅಂದಿನಿಂದಲೂ ಅಮ್ಮ ‘ಒಂದ್ಸಲ ತೋರ್ಸವ್ವಾ’ ಅನ್ನುತ್ತಲೇ ಇದ್ದರು. ದಸರಾ ಜನಜಂಗುಳಿಯಲ್ಲಿ ಮೈಸೂರಿನ ಯಾವ ಥಿಯೇಟರಿಗೂ ಹೋಗುವ ಧೈರ್ಯ ನಮಗಾಗಲಿಲ್ಲ. ದೀಪಾವಳಿಯೂ ಮುಗಿದ ಮೇಲೆ, ವಾರದ ನಡುವಿನ ಒಂದು ಮಧ್ಯಾಹ್ನದ ಆಟಕ್ಕೆ ನಗರದ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಅಪ್ಪ, ಅಮ್ಮನಿಗೆಂದು ಎರಡು ಟಿಕೆಟ್ ಬುಕ್ ಮಾಡಿದೆ. ಅಂದು ನಾನು ಇಂಟರ್‌ವ್ಯೂಗೆಂದು ಬೆಂಗಳೂರಿನಲ್ಲಿದ್ದೆ.

ಆಟ ಶುರುವಾಗಲು ಹತ್ತು ನಿಮಿಷವಿರುವಾಗ ಅಪ್ಪನ ಫೋನ್ ಬಂತು. ‘ಒಳಗೆ ಬುಡ್ತಿಲ್ಲ ಕಣವ್ವಾ. ಅದ್ಯಾವ್ದೋ ಚೌಕದ್ದು ತೋರ್ಸು ಅಂತಾವ್ರೆ.’ ಅವರು ಕೇಳುತ್ತಿದ್ದದ್ದು ಕ್ಯೂಆರ್ ಕೋಡ್. ಅದು ಇದ್ದದ್ದು ನನ್ನ ಫೋನಿನಲ್ಲಿ. ದೇವರಾಜ ಮಾರುಕಟ್ಟೆಯ ಹಣ್ಣಿನ ಅಂಗಡಿಯಲ್ಲಿ ದುಡಿಯುವ ಅಪ್ಪನ ಕೈಯಲ್ಲಿದ್ದದ್ದು ಕೀಪ್ಯಾಡ್ ಫೋನ್. ಬುಕಿಂಗ್ ನಂಬರನ್ನು ನಾನು ಓದಿ ಹೇಳಿದರೂ ಬಾಗಿಲಲ್ಲಿದ್ದ ಹುಡುಗ ಒಪ್ಪಲಿಲ್ಲ. ಕಡೆಗೆ ಸಾಲಿನಲ್ಲಿದ್ದ ಯಾರೋ ಕಾಲೇಜು ಹುಡುಗ ತನ್ನ ವಾಟ್ಸ್‌ಆ್ಯಪ್ ನಂಬರ್ ಕೊಟ್ಟ. ನಾನು ಟಿಕೆಟ್ ಕಳಿಸಿದೆ, ಅವನು ತನ್ನ ಫೋನ್ ತೋರಿಸಿ ಅವರಿಬ್ಬರನ್ನೂ ಒಳಗೆ ಬಿಡಿಸಿದ. ಅಷ್ಟರಲ್ಲಿ ಸಿನಿಮಾ ಶುರುವಾಗಿತ್ತು.

ನಾನು ಊರಿಗೆ ಮರಳಿದಾಗ ಅಪ್ಪ ದುಡ್ಡು ಕೊಡಲು ಬಂದರು. ಒಟ್ಟು 424 ರೂಪಾಯಿ 80 ಪೈಸೆ ಅಂದೆ. ಅಪ್ಪ ಲೆಕ್ಕದಲ್ಲಿ ಬಲು ಚುರುಕು. ‘ಅಲ್ಲಿ ಕೌಂಟರಲ್ಲಿ ಒಂದಕ್ಕೆ 177 ಅಂತ ಹಾಕಿದ್ರು. ಎರಡಕ್ಕೆ 354. ಮಿಕ್ಕ ಎಪ್ಪತ್ತು ರೂಪಾಯಿ ಯಾರಿಗೆ ಹೋಯ್ತು?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಮೊದಲು ಬಿಲ್ಲನ್ನೇ ಬಿಡಿಸಿ ನೋಡೋಣ. ಟಿಕೆಟ್ಟಿನ ಮೂಲ ಬೆಲೆ 150 ರೂಪಾಯಿ. 100 ರೂಪಾಯಿ ಮೀರಿದ ಟಿಕೆಟ್ಟಿಗೆ ಶೇ 18ರಷ್ಟು ಜಿಎಸ್‌ಟಿ, ಅಂದರೆ 27 ರೂಪಾಯಿ. (100 ರೂಪಾಯಿವರೆಗಿನ ಟಿಕೆಟ್ಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿದಿದೆ.) ಇದರ ಮೇಲೆ ‘ಕನ್ವೀನಿಯನ್ಸ್ ಫೀ’, ಅಂದರೆ ಅನುಕೂಲ ಶುಲ್ಕ, ಒಂದು ಟಿಕೆಟ್ಟಿಗೆ 30 ರೂಪಾಯಿ. ಆ ಶುಲ್ಕಕ್ಕೂ ಶೇ 18ರ ಜಿಎಸ್‌ಟಿ. ಎರಡು ಟಿಕೆಟ್ಟಿಗೆ ಸೇರಿ 70 ರೂಪಾಯಿ 80 ಪೈಸೆ. ಕೌಂಟರ್ ಬೆಲೆಯ ಮೇಲೆ ಸರಿಯಾಗಿ ಶೇ 20ರಷ್ಟು ಹೆಚ್ಚು.

ಈ ಹಣ ಆ್ಯಪ್ ಕಂಪನಿಗಷ್ಟೇ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಆ್ಯಪ್ ಮತ್ತು ಚಿತ್ರಮಂದಿರಗಳು ಒಪ್ಪಂದ ಮಾಡಿಕೊಂಡು ಇದನ್ನು ಹಂಚಿಕೊಳ್ಳುತ್ತವೆ. ದೊಡ್ಡ ಮಲ್ಟಿಪ್ಲೆಕ್ಸ್ ಕಂಪನಿಗಳ ಲೆಕ್ಕಪತ್ರದಲ್ಲಿ ಕನ್ವೀನಿಯನ್ಸ್ ಫೀ ಎಂಬುದು ಆದಾಯದ ಬಾಬತ್ತಾಗಿಯೇ ಇರುತ್ತದೆ. ಟಿಕೆಟ್ಟಿನ ಮೂಲ ಬೆಲೆಯಲ್ಲಿ ನಿರ್ಮಾಪಕರಿಗೆ, ವಿತರಕರಿಗೆ ಪಾಲಿದೆ. ಈ ಶುಲ್ಕ ಸಾಮಾನ್ಯವಾಗಿ ಆ ಹಂಚಿಕೆಗೆ ಬರುವುದಿಲ್ಲ. ‘ಕನ್ನಡ ಸಿನಿಮಾ ಉಳಿಸೋಣ’ ಎಂದು ನಾವು ಕೊಡುವ ದುಡ್ಡಿನ ಈ ಭಾಗ ಸಿನಿಮಾ ಮಾಡಿದವರ ಕೈ ಸೇರುವುದಿಲ್ಲ.

ಆ್ಯಪ್ ನಡೆಸಲು ಖರ್ಚಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಸರ್ವರ್, ಸಾಫ್ಟ್‌ವೇರ್, ಗ್ರಾಹಕ ಸೇವೆ ಎಲ್ಲಕ್ಕೂ ದುಡ್ಡು ಬೇಕು. ನಮ್ಮ ಅಣ್ಣಂದಿರ ಕಾಲದಲ್ಲಿ ಹೊಸ ಸಿನಿಮಾದ ಟಿಕೆಟ್ಟಿಗೆ ಬಿಸಿಲಲ್ಲಿ ಸಾಲು ನಿಂತು, ಅದೂ ಸಿಗದೆ ಬ್ಲ್ಯಾಕಿನಲ್ಲಿ ಕೊಳ್ಳಬೇಕಿತ್ತು. ಆ ಕಾಟ ಬಹುಮಟ್ಟಿಗೆ ತಪ್ಪಿದ್ದು ಆನ್‌ಲೈನ್‌ನಿಂದಲೇ. ಆದರೆ ಎರಡು ಪ್ರಶ್ನೆ ಉಳಿಯುತ್ತವೆ. ಒಂದೇ ಸಲಕ್ಕೆ, ಒಂದೇ ಪಾವತಿಯಲ್ಲಿ ನಾಲ್ಕು ಟಿಕೆಟ್ ಕೊಂಡರೆ ಖರ್ಚೂ ನಾಲ್ಕು ಪಟ್ಟಾಗುತ್ತದೆಯೇ? ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಗಳು ಶುಲ್ಕ ಕೊಡಬೇಕಿಲ್ಲ. ಆ ಉಳಿತಾಯ ನಮಗೇಕೆ ತಲುಪುತ್ತಿಲ್ಲ?

ಕಾನೂನು ಏನನ್ನುತ್ತದೆ? ಮಹಾರಾಷ್ಟ್ರ ಸರ್ಕಾರ 2013 ಮತ್ತು 2014ರಲ್ಲಿ ಆದೇಶ ಹೊರಡಿಸಿ, ಆನ್‌ಲೈನ್ ಟಿಕೆಟ್ಟಿಗೆ ಹೆಚ್ಚುವರಿ ಶುಲ್ಕ ವಸೂಲಿಯನ್ನು ನಿಷೇಧಿಸಿತ್ತು. 2025ರ ಜುಲೈ 10ರಂದು ಬಾಂಬೆ ಹೈಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಅವುಗಳಿಗೆ ಕಾನೂನಿನ ಆಧಾರವಿಲ್ಲ, ಆನ್‌ಲೈನ್ ಬೇಡವಾದವರು ಕೌಂಟರಿಗೆ ಹೋಗಿ ಕೊಳ್ಳಬಹುದು ಎಂಬುದು ತೀರ್ಪಿನ ಸಾರ. ಈ ವಾದ ನಿಂತಿರುವುದು ‘ಆಯ್ಕೆ ಇದೆ’ ಎಂಬ ಒಂದೇ ಮಾತಿನ ಮೇಲೆ. ಆದರೆ ಅಪ್ಪ ಬೆಳಿಗ್ಗೆ ಅಂಗಡಿಯಿಂದ ಬಿಡುವು ಮಾಡಿಕೊಂಡು ಕೌಂಟರಿಗೆ ಹೋಗುವಷ್ಟರಲ್ಲಿ ಒಳ್ಳೆಯ ಸೀಟುಗಳೆಲ್ಲ ಆ್ಯಪ್‌ನಲ್ಲಿ ಹಿಂದಿನ ದಿನವೇ ಖಾಲಿಯಾಗಿರುತ್ತವೆ. ಆಟ ಶುರುವಾಗುವ ತುಸು ಮುಂಚೆಯಷ್ಟೇ ಕೌಂಟರ್ ತೆರೆದರೆ, ಅಲ್ಲಿರುವುದು ಆಯ್ಕೆಯಲ್ಲ, ಉಳಿಕೆ.

ನಮ್ಮ ರಾಜ್ಯದ ಕಥೆ ಬೇರೆ. ಇಲ್ಲಿ ಜಗಳ ನಡೆಯುತ್ತಿರುವುದು ಟಿಕೆಟ್ ದರದ ಮೇಲೆ. 2017ರಲ್ಲೂ 200 ರೂಪಾಯಿ ಮಿತಿಯ ಪ್ರಯತ್ನ ನಡೆದು ಕೋರ್ಟಿನಲ್ಲಿ ನಿಂತುಹೋಗಿತ್ತು. 2025ರ ಮಾರ್ಚ್‌ನ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತೆ ಅದನ್ನು ಘೋಷಿಸಿದರು. ಸೆಪ್ಟೆಂಬರ್ 12ರಂದು ನಿಯಮ ಜಾರಿಯಾಯಿತು. ತೆರಿಗೆ ಬಿಟ್ಟು ಗರಿಷ್ಠ 200 ರೂಪಾಯಿ. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಹನ್ನೊಂದೇ ದಿನದಲ್ಲಿ, ಸೆಪ್ಟೆಂಬರ್ 23ರಂದು, ಹೈಕೋರ್ಟ್‌ನ ಏಕಸದಸ್ಯ ಪೀಠ ಅದಕ್ಕೆ ತಡೆ ನೀಡಿತು.

ಸೆಪ್ಟೆಂಬರ್ 30ರಂದು ವಿಭಾಗೀಯ ಪೀಠ ಕೊಟ್ಟ ಮಧ್ಯಂತರ ಆದೇಶ ನಮ್ಮ ವಿಷಯಕ್ಕೆ ಹತ್ತಿರದ್ದು. ಆನ್‌ಲೈನ್ ಇರಲಿ, ಕೌಂಟರ್ ಇರಲಿ, ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕವನ್ನೂ ಮಲ್ಟಿಪ್ಲೆಕ್ಸ್‌ಗಳು ಇಡಬೇಕು, ಸರ್ಕಾರ ಗೆದ್ದರೆ ಹೆಚ್ಚುವರಿ ಹಣ ಪ್ರೇಕ್ಷಕರಿಗೆ ಮರಳಬೇಕು ಎಂಬುದು ಅದರ ಉದ್ದೇಶ. ನಗದು ಕೊಟ್ಟವರಿಗೂ ಸಮಯ, ಕ್ರಮಸಂಖ್ಯೆ ಇರುವ ರಸೀದಿ ಕೊಡಬೇಕೆಂದೂ ಅದರಲ್ಲಿತ್ತು. ಫೋನಿನಲ್ಲಿ ಕೊಂಡವರಿಗೆ ದಾಖಲೆ ತಾನಾಗಿಯೇ ಉಳಿಯುತ್ತದೆ, ಕೌಂಟರಿನಲ್ಲಿ ಕೊಂಡವರ ಟಿಕೆಟ್ ಅಂದೇ ಕಸದ ಬುಟ್ಟಿ ಸೇರುತ್ತದೆ. ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಈ ಷರತ್ತುಗಳಿಗೆ ತಡೆ ನೀಡಿತು. ಆದರೆ ಅದೇ ವಿಚಾರಣೆಯಲ್ಲಿ, ನೀರಿನ ಬಾಟಲಿಗೆ 100, ಕಾಫಿಗೆ 700 ರೂಪಾಯಿ ಪಡೆಯುತ್ತಾ ಹೋದರೆ ಚಿತ್ರಮಂದಿರಗಳು ಖಾಲಿಯಾಗುತ್ತವೆ ಎಂದು ನ್ಯಾಯಪೀಠ ಎಚ್ಚರಿಸಿತು.

ನನ್ನ ಆತಂಕ ಇರುವುದು ಇಲ್ಲಿ. ನಾಳೆ 200 ರೂಪಾಯಿ ಮಿತಿ ಮತ್ತೆ ಜಾರಿಗೆ ಬಂದರೂ, ಅನುಕೂಲ ಶುಲ್ಕಕ್ಕೆ ಲಗಾಮು ಇಲ್ಲದಿದ್ದರೆ ಒಂದು ಬಾಗಿಲು ಮುಚ್ಚಿ ಪಕ್ಕದ ಕಿಟಕಿ ತೆರೆದಂತಾಗುತ್ತದೆ. ಟಿಕೆಟ್ಟಿನಲ್ಲಿ ಕಡಿಮೆಯಾದದ್ದು ಶುಲ್ಕದಲ್ಲಿ ಬಂದೀತು.

ಹಾಗೆಂದು ಪೂರ್ತಿ ಕೈಕಟ್ಟಿ ಕೂರಬೇಕಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಆ್ಯಪ್‌ಗಳು ಗ್ರಾಹಕರನ್ನು ದಾರಿ ತಪ್ಪಿಸುವ 13 ‘ಡಾರ್ಕ್ ಪ್ಯಾಟರ್ನ್’ಗಳ ಪಟ್ಟಿಯಿದೆ. ಮೊದಲೇ ಪೂರ್ತಿ ಬೆಲೆ ತೋರಿಸದೆ ಕೊನೆಯ ಹಂತದಲ್ಲಿ ಹೆಚ್ಚಿಸುವುದು ಅದರಲ್ಲೊಂದು. ನಮ್ಮನ್ನು ಕೇಳದೆಯೇ ದಾನದ ಹೆಸರಿನಲ್ಲಿ ಹಣ ಸೇರಿಸುವುದು ಇನ್ನೊಂದು. ನನ್ನ ಹಳೆಯ ಬುಕಿಂಗ್‌ಗಳನ್ನು ತೆಗೆದು ನೋಡಿದರೆ, ನಾನು ಒಪ್ಪಿದ ನೆನಪಿಲ್ಲದ ಒಂದೊಂದು, ಎರಡೆರಡು ರೂಪಾಯಿ ದಾನ ಹಲವು ಕಡೆ ಇದೆ. ಇಂಥದ್ದರ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ನಮ್ಮಲ್ಲಿ ಎಷ್ಟು ಜನ ಒಮ್ಮೆಯಾದರೂ ಕೊಟ್ಟಿದ್ದೇವೆ? ಹಾಸ್ಟೆಲ್ಲಿನಿಂದ ಆರು ಜನ ಹೊರಟರೆ ಶುಲ್ಕವೇ ಇನ್ನೂರು ರೂಪಾಯಿ ದಾಟುತ್ತದೆ. ಕೆಲಸ ಹುಡುಕುತ್ತಿರುವವರಿಗೆ ಅದೊಂದು ಪರೀಕ್ಷೆಯ ಅರ್ಜಿ ಶುಲ್ಕ.

ಇದು ಬರೀ ದುಡ್ಡಿನ ಮಾತೂ ಅಲ್ಲ. ಕೊರೊನಾ ಬಂದ ಮೇಲೆ ಮೈಸೂರಿನಲ್ಲಿ ಶಾಂತಲಾ, ಸರಸ್ವತಿಯಂಥ ಚಿತ್ರಮಂದಿರಗಳು ಬಾಗಿಲು ಹಾಕಿದವು. ಅಪ್ಪ, ಅಮ್ಮ ಮದುವೆಯಾದ ಹೊಸದರಲ್ಲಿ ಸಿನಿಮಾ ನೋಡಿದ್ದು ಇಂಥ ಕಡೆಯೇ. ಕಿಟಕಿಯಲ್ಲಿ ಕೈ ತೂರಿಸಿ ದುಡ್ಡು ಕೊಟ್ಟರೆ ಬಣ್ಣದ ಚೀಟಿ ಬರುತ್ತಿತ್ತು, ಬಾಗಿಲಲ್ಲಿ ಅರ್ಧ ಹರಿದು ಒಳಗೆ ಬಿಡುತ್ತಿದ್ದರು. ಓದು ಬಾರದವರಿಗೂ ಅದು ಗೊತ್ತಿದ್ದ ವ್ಯವಹಾರ. ಈಗ ಒಂದು ಸಿನಿಮಾ ನೋಡಲು ಅವರಿಗೆ ಮಗಳ ಫೋನು ಬೇಕು, ಅವಳು ಊರಲ್ಲಿಲ್ಲದಿದ್ದರೆ ಯಾರದೋ ಮಗನ ಫೋನು ಬೇಕು. ನಾವು ಯುವಜನರು ನಮ್ಮ ಮನೆಗಳ ಸಂಬಳವಿಲ್ಲದ ಟಿಕೆಟ್ ಕೌಂಟರ್ ಆಗಿಬಿಟ್ಟಿದ್ದೇವೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ತೆರಿಗೆ, ಶುಲ್ಕ ಸೇರಿದ ಪೂರ್ತಿ ಬೆಲೆ ಆ್ಯಪ್‌ನ ಮೊದಲ ಪುಟದಲ್ಲೇ ಕಾಣಲಿ. ಶುಲ್ಕ ಟಿಕೆಟ್ಟಿಗೆ ಇಷ್ಟು ಎಂಬ ಬದಲು ಒಂದು ಬುಕಿಂಗ್‌ಗೆ ಇಷ್ಟು ಎಂದಿರಲಿ. ಪ್ರತಿ ಆಟದ ಒಂದಿಷ್ಟು ಒಳ್ಳೆಯ ಸೀಟುಗಳನ್ನು ಕೌಂಟರಿಗೆಂದೇ ಮೀಸಲಿಡಲಿ. ಬುಕಿಂಗ್ ನಂಬರ್ ಹೇಳಿದರೆ ಕಾಗದದ ಟಿಕೆಟ್ ಕೊಡುವ ಒಬ್ಬರು ಬಾಗಿಲ ಬಳಿ ಇರಲಿ. ದರ ಮಿತಿಯ ನಿಯಮ ಮತ್ತೆ ಚರ್ಚೆಗೆ ಬಂದಾಗ ಸರ್ಕಾರ ಇವನ್ನೂ ಸೇರಿಸಿಕೊಳ್ಳಬಹುದು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ವಾರದ ದಿನಗಳಲ್ಲಿ ಸೀಟು ಹೇಗೂ ಸಿಗುತ್ತದೆ, ಕೌಂಟರಿನಲ್ಲೇ ಕೊಳ್ಳೋಣ. ಮನೆಯ ಹಿರಿಯರಿಗೆ ಬುಕ್ ಮಾಡಿದರೆ ಕೋಡನ್ನು ಪ್ರಿಂಟ್ ತೆಗೆದು ಅವರ ಕೈಗೇ ಕೊಡೋಣ. ಹಣ ಕಟ್ಟುವ ಮುನ್ನ ಬಿಲ್ಲಿನ ಪ್ರತಿ ಸಾಲನ್ನೂ ಓದೋಣ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಅನುಕೂಲ ಶುಲ್ಕ ಅಂದ್ಯಲ್ಲ, ಬಾಗಿಲಲ್ಲಿ ನಿಂತಿದ್ದೋನು ನಾನು. ಯಾರ ಅನುಕೂಲವ್ವಾ ಅದು?’ ಎಂದರು. ಮುಂದಿನ ಸಿನಿಮಾಗೆ ಕೌಂಟರಿಗೇ ಹೋಗೋಣ ಎಂದಿದ್ದಾರೆ. ಟಿಕೆಟ್ ತಾವೇ ಕೊಳ್ಳುತ್ತಾರಂತೆ. ನನಗೂ ಸೇರಿಸಿ ಮೂರು.