ಒಲೆಯ ಬಿಸಿ, ಬಿಸಿಲಿನ ಬಿಸಿ

ಆರನೇ ತರಗತಿಯ ಹುಡುಗನೊಬ್ಬ ನನಗೆ ಪತ್ರ ಬರೆದಿದ್ದಾನೆ. ಮೂಳೆಗೆ ‘ಡಿ’ ಜೀವಸತ್ವ ಬೇಕು, ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತಿರಿ ಎಂದು ಡಾಕ್ಟರು ಅವನ ಅಜ್ಜನಿಗೆ ಹೇಳಿದರಂತೆ. ಅಜ್ಜ ಮಾತ್ರ, “ಬಿಸಿ ಎಲ್ಲಿಯದಾದರೇನು? ನಾನು ಬಚ್ಚಲೊಲೆಯ ಮುಂದೆ ಕೂರುತ್ತೇನೆ” ಎನ್ನುತ್ತಾರಂತೆ. ಯಾರ ಮಾತು ಸರಿ ಎಂದು ಅವನ ಪ್ರಶ್ನೆ.

ಡಾಕ್ಟರ ಮಾತೇ ಸರಿ. ಆದರೆ ಯಾಕೆ ಎಂದು ಹೇಳಲು ಕ್ವಾಂಟಮ್ ವಿಜ್ಞಾನದ ಬಾಗಿಲು ತಟ್ಟಬೇಕು. ಹೆಸರು ಕೇಳಿ ಹೆದರಬೇಡಿ ಮಕ್ಕಳೇ. ಅದು ಲ್ಯಾಟಿನ್ ಮಾತು, ‘ಎಷ್ಟು’ ಎಂದಷ್ಟೇ ಅರ್ಥ.

ಕಮ್ಮಾರನ ಕುಲುಮೆ ನೋಡಿದ್ದೀರಾ? (ಇಲ್ಲವಾದರೆ ಅಜ್ಜಿಯನ್ನು ಕೇಳಿ, ಕುಡುಗೋಲು ತಟ್ಟಿಸಲು ಅವರು ಹೋಗಿದ್ದಿರಬಹುದು.) ತಿದಿ ಒತ್ತಿದಂತೆ ಕಬ್ಬಿಣ ಮೊದಲು ಬರೀ ಬಿಸಿಯಾಗುತ್ತದೆ. ಸುಮಾರು 600 ಡಿಗ್ರಿಗೆ ಮಬ್ಬುಗೆಂಪು, ಆಮೇಲೆ ಕಿತ್ತಳೆ, ಹಳದಿ, ಕೊನೆಗೆ ಬಿಳಿ. ಈ ಬಣ್ಣ ನೋಡಿಯೇ ಕಮ್ಮಾರ ಹದ ಹೇಳುತ್ತಾನೆ. ಆದರೆ ವಿಜ್ಞಾನಿಗಳಿಗೆ 1900ರವರೆಗೂ ಇದರ ಲೆಕ್ಕ ಕೂಡಿರಲಿಲ್ಲ. ಹಳೆಯ ಭೌತವಿಜ್ಞಾನವನ್ನು ನಂಬಿ ಲೆಕ್ಕ ಹಾಕಿದರೆ, ಸಾಧಾರಣ ಒಲೆಯಿಂದಲೂ ಅತಿನೇರಳೆ ಕಿರಣಗಳು ಮಿತಿಯಿಲ್ಲದೆ ಸುರಿಯಬೇಕಿತ್ತು. ಅಡುಗೆಮನೆಗೆ ಹೋದವರು ಯಾರೂ ಉಳಿಯುತ್ತಿರಲಿಲ್ಲ!

1900ರ ಡಿಸೆಂಬರ್ 14ರಂದು ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಎಂಬ 42 ವರ್ಷದ ಪ್ರಾಧ್ಯಾಪಕರು ಇದಕ್ಕೊಂದು ದಾರಿ ತೋರಿಸಿದರು. ಶಕ್ತಿಯ ವ್ಯಾಪಾರ ಚಿಲ್ಲರೆಯಾಗಿ ನಡೆಯುವುದಿಲ್ಲ, ಪೊಟ್ಟಣಗಳಲ್ಲೇ ನಡೆಯುತ್ತದೆ. ಕೆಂಪಿನಿಂದ ನೇರಳೆಯ ಕಡೆಗೆ ಹೋದಷ್ಟೂ ಪೊಟ್ಟಣ ದೊಡ್ಡದು.

ಇದನ್ನು ಜಾತ್ರೆಗೆ ಹೋಲಿಸಿ ನೋಡೋಣ. ಕಬ್ಬಿಣದ ಕಣಗಳೆಲ್ಲ ಜಾತ್ರೆಗೆ ಬಂದ ಮಕ್ಕಳು. ಬಿಸಿ ಎಂದರೆ ಅವರಿಗೆ ಹಂಚಿದ ಕೈಖರ್ಚು. 600 ಡಿಗ್ರಿಯಲ್ಲಿ ಸರಾಸರಿ ಐದು ರೂಪಾಯಿ ಸಿಕ್ಕಿತು ಎನ್ನಿ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಕಣ್ಣಿಗೆ ಕಾಣದ ಅವಕೆಂಪಿನ ಅಂಗಡಿಯಲ್ಲಿ ಐದು, ಹತ್ತು, ಇಪ್ಪತ್ತರ ಪೊಟ್ಟಣಗಳಿವೆ, ಅಲ್ಲೇ ನೂಕುನುಗ್ಗಲು. ಕೆಂಪಿನ ಪೊಟ್ಟಣಕ್ಕೆ ನೂರು ರೂಪಾಯಿ, ಎಲ್ಲೋ ಒಬ್ಬಿಬ್ಬರು ಕೊಂಡಾರು. ನೇರಳೆಗೆ ನೂರೆಪ್ಪತ್ತೈದು, ಅತ್ತ ಯಾರೂ ಸುಳಿಯುವುದಿಲ್ಲವೆಂದೇ ಹೇಳಬೇಕು. ಅರ್ಧ ಪೊಟ್ಟಣ ಕೊಡಿ ಎಂದರೆ ಅಂಗಡಿಯವನು ಕೊಡುವುದಿಲ್ಲ! ಆದ್ದರಿಂದಲೇ ಕಬ್ಬಿಣ ಶಾಖವನ್ನು ಸುರಿಸುತ್ತದೆ, ಜೊತೆಗೆ ಒಂದಿಷ್ಟು ಕೆಂಪು ಮಾತ್ರ. ಇನ್ನೂ ಕಾಯಿಸಿದರೆ ಕೈಖರ್ಚು ಹೆಚ್ಚಿ ಹಳದಿ, ನೀಲಿಯ ಅಂಗಡಿಗಳಿಗೂ ಗಿರಾಕಿ ಬರುತ್ತಾರೆ. ಎಲ್ಲ ಬಣ್ಣ ಕೂಡಿದರೆ ಬಿಳಿ.

ತಮಾಷೆಯೆಂದರೆ, ಈ ಪೊಟ್ಟಣದ ಮಾತು ಸ್ವತಃ ಪ್ಲಾಂಕರಿಗೇ ಹಿಡಿಸಿರಲಿಲ್ಲ. ಹೇಗಾದರೂ ಹಳೆಯ ವಿಜ್ಞಾನದೊಳಗೆ ಅದನ್ನು ಅಡಗಿಸಲು ವರ್ಷಗಟ್ಟಲೆ ಹೆಣಗಿದರು. 1905ರಲ್ಲಿ 26 ವರ್ಷದ ಐನ್‌ಸ್ಟೀನ್, ಬೆಳಕು ಸಾಗುವುದೂ ಪೊಟ್ಟಣಗಳಾಗಿಯೇ ಎಂದುಬಿಟ್ಟರು. ಪ್ಲಾಂಕರ ಸೂತ್ರವನ್ನು 1924ರಲ್ಲಿ ಹೊಸ ಬಗೆಯಲ್ಲಿ ಸಾಧಿಸಿದವರು ಢಾಕಾದಲ್ಲಿ ಪಾಠ ಹೇಳುತ್ತಿದ್ದ ನಮ್ಮ ಸತ್ಯೇಂದ್ರನಾಥ ಬೋಸ್. ಅವರು ಕಳಿಸಿದ ಬರಹವನ್ನು ಐನ್‌ಸ್ಟೀನರೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಆ ಕಥೆಯೇ ಒಂದು ಅಂಕಣಕ್ಕಾಗುವಷ್ಟಿದೆ.

ಈಗ ಅಜ್ಜನ ಮೂಳೆಗೆ ಬರೋಣ. ನಮ್ಮ ಚರ್ಮದಲ್ಲಿ ಕೊಬ್ಬಿನ ಜಾತಿಯ ಒಂದು ವಸ್ತುವಿದೆ. ಅದರ ಅಣುವಿನಲ್ಲಿ ಒಂದು ಕೊಂಡಿ ಬಿಚ್ಚಿಕೊಂಡರೆ ಅದು ‘ಡಿ’ ಜೀವಸತ್ವವಾಗುವ ದಾರಿ ಹಿಡಿಯುತ್ತದೆ. ಆ ಕೊಂಡಿ ಬಿಚ್ಚಲು ಒಂದೇ ಏಟಿಗೆ ಇನ್ನೂರು ರೂಪಾಯಿಗೂ ಮೇಲಿನ ಪೊಟ್ಟಣ ಬೇಕು. ಎಂದರೆ ಅತಿನೇರಳೆಯೇ ಆಗಬೇಕು. ಒಲೆ ಕೊಡುವುದು ಐದು, ಹತ್ತರ ಪೊಟ್ಟಣಗಳನ್ನು. ಅವು ಲಕ್ಷ ಬಂದರೂ ಮೈ ಬೆಚ್ಚಗಾದೀತು, ಕೊಂಡಿ ಬಿಚ್ಚದು. ಸೂರ್ಯನ ಮೇಲ್ಮೈಯಲ್ಲೋ ಸುಮಾರು 5500 ಡಿಗ್ರಿ ಬಿಸಿ. ಅಲ್ಲಿನ ಮಕ್ಕಳಿಗೆ ಕೈಖರ್ಚು ಆರು ಪಟ್ಟಿಗೂ ಹೆಚ್ಚು. ಹಾಗಾಗಿ ದೊಡ್ಡ ಪೊಟ್ಟಣಗಳೂ ಒಂದಿಷ್ಟು ನಮ್ಮ ಅಂಗಳದವರೆಗೆ ಬರುತ್ತವೆ. ಅವೇ ಪೊಟ್ಟಣಗಳು ಹೆಚ್ಚಾದರೆ ಚರ್ಮವನ್ನು ಸುಡುತ್ತವೆ, ಡಾಕ್ಟರು ‘ಸ್ವಲ್ಪ ಹೊತ್ತು’ ಎಂದದ್ದು ಅದಕ್ಕೇ.

ಇನ್ನೊಂದು ಮಾತು ಅಜ್ಜನಿಗೆ ಹೇಳಿಬಿಡಪ್ಪ. ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕೂತರೂ ಆಗದು, ಬೇಕಾದ ಆ ಪೊಟ್ಟಣಗಳನ್ನು ಗಾಜು ತಡೆದುಬಿಡುತ್ತದೆ. ಕುರ್ಚಿ ಅಂಗಳಕ್ಕೇ ಬರಬೇಕು.